ಶೆಡ್ಡಿನಲ್ಲಿ ಓಡಿ ರಸ್ತೆಯಲ್ಲಿ ನಿಲ್ಲುತ್ತಿದ್ದ ಇಂಜಿನ್ನು

ಆ ಇಂಜಿನ್ನು ನಮ್ಮ ಶೆಡ್ಡಿನಲ್ಲಿ ಒಂದು ಸಲವೂ ತಾನಾಗಿ ನಿಂತದ್ದಿಲ್ಲ. ಬೆಳಿಗ್ಗೆ ಚಾಲೂ ಮಾಡಿ ಬಿಟ್ಟರೆ ಊಟದ ಹೊತ್ತಿನವರೆಗೂ ಗುರುಗುಟ್ಟಿಕೊಂಡು ಕೂತಿರುತ್ತಿತ್ತು. ಅದು ಕೈಕೊಡುತ್ತಿದ್ದುದೆಲ್ಲ ತುಮಕೂರು ರಸ್ತೆಯಲ್ಲಿ. ಅದೂ ಗೌಡರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೆಂಟರ ಮನೆಗೆ ಹೊರಟ ದಿನವೇ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನೂ ನನ್ನ ಪಾಲುದಾರ ಭಾಯಿಯೂ ಸೇರಿ ಪೀಣ್ಯದಲ್ಲಿ ಲಾರಿ, ಟ್ರ್ಯಾಕ್ಟರ್ ಇಂಜಿನ್ನುಗಳನ್ನು ಬಿಚ್ಚಿ ಕಟ್ಟುವ ಶೆಡ್ಡು ನಡೆಸುತ್ತಿದ್ದೆವು. ಲೋಹ ಕಡೆಯುವ ಲೇತಿನ ಕೆಲಸ ನನ್ನದು. ಕಾರ್ಬುರೇಟರು, ಕರೆಂಟಿನ ಕೆಲಸ ಭಾಯಿಯದು. ಶೆಡ್ಡು ಮಾತ್ರ ಗೌಡರದು. ಕಾರ್ಖಾನೆಗಳು ಬರುವ ಮುಂಚೆ ಅಲ್ಲೆಲ್ಲ ಅವರ ರಾಗಿ ಹೊಲವಿತ್ತು. ನಮ್ಮ ಲೇತು ನಿಂತಿದ್ದ ಜಾಗದಲ್ಲಿ ಕಣವಿತ್ತೆಂದು ಅವರು ಬಂದಾಗಲೆಲ್ಲ ಹೇಳುತ್ತಿದ್ದರು, ನಾವು ಅದನ್ನು ಹೊಸದಾಗಿ ಕೇಳುವವರ ಹಾಗೆ ತಲೆಯಾಡಿಸುತ್ತಿದ್ದೆವು.

ಆ ಗೌಡರಿಗೆ ಒಂದು ಹುಚ್ಚಿತ್ತು. ವಿದೇಶಕ್ಕೆ ಹೊರಟಿದ್ದ ನಿವೃತ್ತ ಸೇನಾಧಿಕಾರಿಯೊಬ್ಬರಿಂದ ಇಂಗ್ಲೆಂಡಿನ ಒಂದು ಹಳೇ ಸ್ಪೋರ್ಟ್ಸ್ ಕಾರನ್ನು ಕೊಂಡಿದ್ದರು. ಕಡುಹಸಿರು ಬಣ್ಣ, ಎರಡೇ ಸೀಟು, ಮಡಚಿಡುವ ಮೇಲ್ಹೊದಿಕೆ, ಉದ್ದನೆಯ ಮೂತಿ. ಹಿಂದೆ ನಿಲ್ಲಿಸಿದ ಪೆಟ್ಟಿಗೆಯಂಥ ಪೆಟ್ರೋಲ್ ಟ್ಯಾಂಕು, ಅದರ ಬೆನ್ನಿಗೆ ಸ್ಟೆಪ್ನಿ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳೇ ಇಲ್ಲ, ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಬೇಕು. ಗೌಡರು ಅದಕ್ಕೆಂದೇ ಒಂದು ಬಿದಿರು ಕಡ್ಡಿಗೆ ಗೀಟು ಹಾಕಿಕೊಂಡು ಸೀಟಿನ ಹಿಂದೆ ಇಟ್ಟಿದ್ದರು. ತಲೆಗೆ ಟವೆಲು ಸುತ್ತಿ ಅವರು ಆ ಕಾರನ್ನು ಓಡಿಸುವುದನ್ನು ನೋಡಲು ಬಾಗಲಗುಂಟೆಯ ಜನ ಟೀ ಲೋಟ ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು.

ಒಂದು ಬೆಳಿಗ್ಗೆ ಗೌಡರು ಶೆಡ್ಡಿಗೆ ಬಂದು, ಬೋರಲು ಹಾಕಿದ್ದ ಎಣ್ಣೆ ಡಬ್ಬದ ಮೇಲೆ ಕೂತರು. ಕಣದ ವಿಷಯ ಎತ್ತಲಿಲ್ಲ. ಅದರಿಂದಲೇ ಏನೋ ಆಗಿದೆ ಅಂದುಕೊಂಡೆ.

"ಮುಂದಿನ ತಿಂಗಳು ಮಗಳ ಮನೆ ಗೃಹಪ್ರವೇಶ ಕಣಪ್ಪ, ತುಮಕೂರಲ್ಲಿ," ಎಂದರು. "ಆಲು ಉಕ್ಕಿಸೋ ಪಾತ್ರೆ ತವರಿಂದ ಓಗ್ಬೇಕು. ಈ ಗಾಡೀಲೇ ಕರ್ಕೊಂಡೋಯ್ತೀನಿ ಅಂತ ನಮ್ಮನೇವ್ಳಿಗೆ ಏಳ್ಬಿಟ್ಟೆ."

"ಅಮ್ಮಾವ್ರು ಒಪ್ಪಿದ್ರಾ?"

"ಒಪ್ಪವ್ಳೆ. ಆದ್ರೆ ನನ್ತಾವ ಮಾತು ಈಸ್ಕೊಂಡವ್ಳೆ. ದಾರೀಲಿ ನಿಂತ್ರೆ ಆ ಬೊಂಬಾಯಿಯವನಿಗೆ ಕೊಟ್ಬಿಡ್ಬೇಕಂತೆ."

ಬೊಂಬಾಯಿಯವನೆಂದರೆ ಹಳೇ ಕಾರುಗಳನ್ನು ಕೊಂಡು ಕೂಡಿಡುವ ಸಾಹುಕಾರ. ಒಂದು ವರ್ಷದಿಂದ ಗೌಡರ ಬೆನ್ನು ಬಿದ್ದಿದ್ದ. ಅಮ್ಮಾವ್ರ ಸಿಟ್ಟಿಗೂ ಕಾರಣವಿತ್ತು. ಎರಡು ವರ್ಷದ ಹಿಂದೆ ಇದೇ ಮಗಳು ಚೊಚ್ಚಲ ಬಸುರಿ. ಅವಳ ಅತ್ತೆ ಮನೆಯಲ್ಲಿ ಮಡಿಲು ತುಂಬುವ ಶಾಸ್ತ್ರ. ತಾಯಿಯೇ ಮುಂದೆ ನಿಂತು ಮಾಡಬೇಕಾದದ್ದು. ಸೀರೆ, ಬಳೆ, ಮಡಿಲಕ್ಕಿ ಎಲ್ಲ ಕಟ್ಟಿಕೊಂಡು ಇಬ್ಬರೂ ಈ ಕಾರಿನಲ್ಲಿ ಹೊರಟರೆ, ಮಾಕಳಿ ದಾಟುತ್ತಿದ್ದಂತೆ ಇಂಜಿನ್ನು ಕೆಮ್ಮಿ ನಿಂತುಬಿಟ್ಟಿತು. ಆಮೇಲೂ ಎರಡು ಕಡೆ ನಿಂತಿತು. ಕೊನೆಗೆ ಅಮ್ಮಾವ್ರು ಗಂಟು ಹೊತ್ತುಕೊಂಡು ಇಟ್ಟಿಗೆ ಲಾರಿ ಹತ್ತಿ ಹೋದರಂತೆ. ಅವರು ಮುಟ್ಟುವಷ್ಟರಲ್ಲಿ ಬೇರೆ ಹೆಂಗಸರು ಮಡಿಲು ತುಂಬಿ, ಆರತಿ ಎತ್ತಿ, ಊಟಕ್ಕೆ ಕೂತಿದ್ದರು. ಅಂದಿನಿಂದ ಅಮ್ಮಾವ್ರು ಆ ಕಾರಿಗೆ ಹತ್ತಿರಲಿಲ್ಲ. ಗಂಡನ ಜೊತೆ ಮಾತು ಬಿಟ್ಟಿರಲಿಲ್ಲ ನಿಜ, ಆದರೆ ಕಾರಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು.

"ನನ್ನ ಮಾನ ನಿನ್ನ ಕೈಲದೆ ಕಣಪ್ಪ," ಎಂದು ಗೌಡರು ಎದ್ದರು.

ನಾವು ಇಂಜಿನ್ನಿಗೆ ಕೈ ಹಾಕಿದೆವು. ನಾನು ಮೊದಲೇ ಮುಂಗೋಪಿ. ಆ ಇಂಜಿನ್ನು ನನ್ನ ಕೋಪವನ್ನು ಪರೀಕ್ಷೆ ಮಾಡುವುದಕ್ಕೆಂದೇ ಹುಟ್ಟಿದಂತಿತ್ತು. ಅದರ ಬೋಲ್ಟುಗಳ ತಲೆ ಹಳೇ ಇಂಗ್ಲಿಷ್ ಅಳತೆ, ಆದರೆ ತಿರುಪಿನ ಥ್ರೆಡ್ಡು ಮೆಟ್ರಿಕ್. ಸ್ಪ್ಯಾನರು ಕೂರುತ್ತದೆ, ಅದೇ ಇಂಗ್ಲಿಷ್ ಅಳತೆಯ ನಟ್ಟು ಹಾಕಿದರೆ ಎರಡನೇ ಸುತ್ತಿಗೆ ಕಚ್ಚಿಕೊಳ್ಳುತ್ತದೆ. ಬಿಚ್ಚುವಾಗ ಒಂದು ಸ್ಟಡ್ಡು ಮುರಿದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಲೇತಿನ ಮೇಲೆ ಒಂದೊಂದನ್ನೂ ತಿರುವಿ ಮಾಡಬೇಕು. ಸ್ಪೇರು ಎಂಬ ಮಾತೇ ಇರಲಿಲ್ಲ. ಆಗ ಹೊರಗಿನಿಂದ ಏನು ತರಿಸಬೇಕಾದರೂ ಪರವಾನಗಿ ಬೇಕಿತ್ತು.

ಹೆಡ್ಡು ಎತ್ತಿ ನೋಡಿದೆವು. ವಾಲ್ವುಗಳು ಆಡುವ ಗೈಡುಗಳು ಸವೆದಿದ್ದವು. ಬೀಡುಕಬ್ಬಿಣದ ಸರಳಿನಿಂದ ಹೊಸವನ್ನು ಕಡೆದು, ರೀಮರಿನಿಂದ ಒಳತೂತು ನಯ ಮಾಡಿ ಕೂರಿಸಿದೆ. ವಾಲ್ವುಗಳಿಗೆ ಮರಳಿನ ಪೇಸ್ಟು ಹಚ್ಚಿ ಅಂಗೈಯಲ್ಲಿ ಕೋಲು ತಿರುಗಿಸಿ ಉಜ್ಜಿದೆವು. ತಾಮ್ರದ ಹಳೇ ಗ್ಯಾಸ್ಕೆಟ್ಟನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆದು ಮಾಡಿ ಮತ್ತೆ ಅದನ್ನೇ ಕೂರಿಸಿದೆವು. ಇಂಜಿನ್ನಿಗೆ ಎರಡು ಕಾರ್ಬುರೇಟರು. ಎರಡೂ ಒಂದೇ ಸಮ ಉಸಿರೆಳೆಯಬೇಕು. ಭಾಯಿ ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಒಂದಾದ ಮೇಲೊಂದು ಕಾರ್ಬುರೇಟರಿನ ಬಾಯಿಗೆ ಹಿಡಿದು, ಕಣ್ಣು ಮುಚ್ಚಿ ಸ್ಕ್ರೂ ತಿರುಗಿಸುತ್ತಿದ್ದ. ಆಗ ಯಾರೂ ಮಾತಾಡುವಂತಿರಲಿಲ್ಲ.

"ಈಗ ಕೇಳು ಗುರು," ಎಂದು ಕೊನೆಗೆ ಕೊಳವೆಯನ್ನು ನನ್ನ ಕಿವಿಗೆ ಕೊಟ್ಟ. "ಅಣ್ಣ ತಮ್ಮ ಇಬ್ರೂ ಒಂದೇ ದನೀಲಿ ಮಾತಾಡ್ತಾವ್ರೆ."

ಇಂಜಿನ್ನು ಚಾಲೂ ಆದಾಗ ನಿಜವಾಗಿ ನನಗೆ ಪ್ರೀತಿ ಬಂತು. ಲಾರಿ ಇಂಜಿನ್ನುಗಳ ಅಬ್ಬರ ಕೇಳಿ ಕೇಳಿ ಜಡ್ಡುಗಟ್ಟಿದ್ದ ಕಿವಿಗೆ ಅದರ ಸದ್ದು ಎಷ್ಟು ಹಿತವಾಗಿತ್ತೆಂದರೆ, ಪಕ್ಕದ ಶೆಡ್ಡಿನವರು ಪ್ರೆಸ್ಸು ನಿಲ್ಲಿಸಿ ಬಂದು ನೋಡಿದರು. ಮೇಲೆ ತೂಗುಹಾಕಿದ ತಗಡಿನ ಡಬ್ಬದಿಂದ ನೇರವಾಗಿ ಪೆಟ್ರೋಲ್ ಬಿಟ್ಟು ಓಡಿಸುವುದು ನಮ್ಮ ಪದ್ಧತಿ. ಇಂಜಿನ್ ಪರೀಕ್ಷೆಗೆ ಟ್ಯಾಂಕು ಯಾಕೆ ಬೇಕು? ಮೂರು ದಿನ ಹಾಗೆಯೇ ಓಡಿಸಿದೆವು, ಒಮ್ಮೆಯೂ ತಪ್ಪಲಿಲ್ಲ.

ಟ್ಯಾಂಕನ್ನು ಜೋಡಿಸಿ, ತುಂಬಾ ಪೆಟ್ರೋಲ್ ಹಾಕಿಸಿ, ಗೌಡರೇ ಸ್ಟೀರಿಂಗ್ ಹಿಡಿದು ತುಮಕೂರು ರಸ್ತೆಗೆ ಹೊರಟೆವು. ನಾನು ಪಕ್ಕದಲ್ಲಿ, ಭಾಯಿ ಹಿಂದೆ ನನ್ನ ಮೋಟಾರ್ ಸೈಕಲ್ಲಿನಲ್ಲಿ. ಮಾಕಳಿ ದಾಟಿತು. ಕೆಮ್ಮಿತು. ನಿಂತಿತು.

ಗೌಡರು ಇಳಿದು, ಅಭ್ಯಾಸದಂತೆ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದರು. "ಪೆಟ್ರೋಲು ಬೇಕಾದಂಗದೆ," ಎಂದರು. ಭಾಯಿ ಬಾನೆಟ್ಟು ಎತ್ತಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಕರೆಂಟಿನ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿದ. ಸ್ಟಾರ್ಟರ್ ಎಳೆದರೆ ಇಂಜಿನ್ನು ಹೂಂ ಎಂದು ಎದ್ದಿತು. ಬಿಸಿಗೆ ಪೆಟ್ರೋಲು ಆವಿಯಾಗುತ್ತಿದೆ, ಅದೇ ರೋಗ ಎಂದುಕೊಂಡು ಶೆಡ್ಡಿಗೆ ಬಂದು ಪಂಪಿಗೂ ಪೈಪಿಗೂ ತಗಡಿನ ಮರೆ ಕಟ್ಟಿದೆವು.

ಮತ್ತೆ ಹೊರಟೆವು. ಮತ್ತೆ ಅಲ್ಲೇ ಆಸುಪಾಸಿನಲ್ಲಿ ನಿಂತಿತು. ಗೌಡರು ಕಡ್ಡಿ ಅದ್ದಿದರು. ಈ ಸಲ ಭಾಯಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ಪಾಯಿಂಟು ಉಜ್ಜಿದ. ಹೊರಟಿತು! ಕಂಡೆನ್ಸರೇ ಕಳ್ಳ ಎಂದು ಅದನ್ನು ಬದಲಾಯಿಸಿದೆವು. ಮೂರನೇ ಸಲ ಕಾಯಿಲು ಬದಲಾಯಿಸಿದೆವು. ಪ್ರತಿ ಸಲವೂ ರೋಗ ಸಿಕ್ಕಿತು, ಪ್ರತಿ ಸಲವೂ ಮದ್ದು ನಾಟಿತು, ಪ್ರತಿ ಸಲವೂ ಅದು ಮತ್ತೆ ನಿಂತಿತು. ಟ್ಯಾಂಕು ಅರ್ಧ ಇದ್ದಾಗ ಬಾಗಲಗುಂಟೆ ಸುತ್ತಿ ಬಂದರೆ ಏನೂ ಆಗುತ್ತಿರಲಿಲ್ಲ. ದೂರದ ದಾರಿ ಎಂದು ತುಂಬಿಸಿಕೊಂಡು ಹೊರಟರೆ ಬೇಗ ನಿಲ್ಲುತ್ತಿತ್ತು. ಅದನ್ನು ನಾವು ಗಮನಿಸಿದ್ದೆವು, ಆದರೆ ಅರ್ಥ ಮಾಡಿಕೊಂಡಿರಲಿಲ್ಲ.

ನನಗೂ ಭಾಯಿಗೂ ಜಗಳ ಹತ್ತಿತು. ನಾನು ಕಾರ್ಬುರೇಟರ್ ಸರಿಯಿಲ್ಲ ಎಂದೆ, ಅವನು ನನ್ನ ಗೈಡುಗಳು ಬಿಸಿಗೆ ಹಿಡಿಯುತ್ತಿವೆ ಎಂದ. ಎರಡು ದಿನ ಬೇರೆ ಬೇರೆ ಅಂಗಡಿಯಲ್ಲಿ ಟೀ ಕುಡಿದೆವು. ತಲೆಕೆಟ್ಟು ನಾನು ಗೌಡರಿಗೆ, ಈ ಇಂಜಿನ್ನನ್ನು ತೆಗೆದು ಒಂದು ಟ್ಯಾಕ್ಸಿ ಇಂಜಿನ್ ಕೂರಿಸಿಬಿಡೋಣ, ಯಾವ ತಂಟೆಯೂ ಇರುವುದಿಲ್ಲ ಎಂದುಬಿಟ್ಟೆ.

ಗೌಡರು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು, "ಅಂಗಾರೆ ಬೊಂಬಾಯಿಯವನಿಗೇ ಕೊಡ್ತೀನಿ ಬುಡು," ಎಂದರು. "ಅವನಾದ್ರೂ ಇದನ್ನ ಇದಾಗಿ ಇಟ್ಕೊತಾನೆ."

ನನಗೆ ನಾಚಿಕೆಯಾಯಿತು. ಹೋಗಿ ಭಾಯಿಯನ್ನು ಅವನ ಟೀ ಅಂಗಡಿಯಿಂದ ಎಬ್ಬಿಸಿಕೊಂಡು ಬಂದೆ.

ಆ ದಿನ ಗೌಡರಿಗೆ ಆನೇಕಲ್ಲಿನಲ್ಲಿ ಏನೋ ಕೆಲಸವಿತ್ತು. ನಾವಿಬ್ಬರೇ ಕಾರು ತೆಗೆದುಕೊಂಡು ಹೊರಟೆವು. ಬಂಕಿನಲ್ಲಿ ನಾನೇ ನಿಂತು ಮುಚ್ಚಳದ ಕತ್ತಿನವರೆಗೆ ತುಂಬಿಸಿದೆ. ಎಂದಿನಂತೆ ಮಾಕಳಿಯ ಹತ್ತಿರ ನಿಂತಿತು. ಪೆಟ್ರೋಲ್ ಇದೆಯೆಂದು ಗೊತ್ತೇ ಇತ್ತು, ಆದ್ದರಿಂದ ಕಡ್ಡಿ ಅದ್ದುವ ಗೋಜಿಗೆ ಹೋಗಲಿಲ್ಲ. ಒದ್ದೆ ಬಟ್ಟೆ ಸುತ್ತಿದೆವು, ಏಳಲಿಲ್ಲ. ಪಾಯಿಂಟು ಉಜ್ಜಿದೆವು, ಏಳಲಿಲ್ಲ. ಪ್ಲಗ್ಗು ಬಿಚ್ಚಿ ಒರೆಸಿದೆವು. ಹಳೇ ಕಾಯಿಲನ್ನೇ ಮತ್ತೆ ಹಾಕಿದೆವು. ಇಷ್ಟು ದಿನ ಕೈ ಹಿಡಿದಿದ್ದ ಒಂದು ಮದ್ದೂ ಅವತ್ತು ನಾಟಲಿಲ್ಲ. ಪಂಪು ಸುಮ್ಮನಿತ್ತು. ಆ ಪಂಪು ಕಾರ್ಬುರೇಟರಿಗೆ ಪೆಟ್ರೋಲು ಬೇಕಾದಾಗ ಟಕ್ ಟಕ್ ಎನ್ನುತ್ತದೆ, ತುಂಬಿದ ಮೇಲೆ ಸುಮ್ಮನಾಗುತ್ತದೆ. ಹಾಗಾಗಿ ಸುಮ್ಮನಿದ್ದರೆ ಎಲ್ಲ ಸರಿಯಾಗಿದೆ ಎಂದೇ ನಮ್ಮ ಲೆಕ್ಕ.

ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಸ್ಪ್ಯಾನರನ್ನು ರಸ್ತೆ ಬದಿಯ ಗಿಡಗಳಿಗೆ ಬೀಸಿ ಎಸೆದು, ಆಮೇಲೆ ಅದನ್ನು ಹುಡುಕಿಕೊಂಡು ಬಂದೆ. ಕೈಯೆಲ್ಲ ಮಸಿ. ಒಂದು ಬಟ್ಟೆಯನ್ನು ಪೆಟ್ರೋಲಿಗೆ ಅದ್ದಿ ಕೈಯನ್ನಾದರೂ ಒರೆಸಿಕೊಳ್ಳೋಣವೆಂದು ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ಎತ್ತಿದೆ.

ಉಸ್ಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಮುಂದೆ ಬಾನೆಟ್ಟಿನ ಕೆಳಗೆ ಪಂಪು ತಾನಾಗಿ ಟಕ್ ಟಕ್ ಟಕ್ ಎಂದು ಹೊಡೆದುಕೊಳ್ಳತೊಡಗಿತು.

ಭಾಯಿ ತಲೆಯೆತ್ತಿದ. "ಏನ್ ಮಾಡ್ದೆ ಗುರು?"

"ಏನೂ ಮಾಡ್ಲಿಲ್ಲ ಕಣೋ. ಮುಚ್ಚಳ ತೆಗ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸ್ಟಾರ್ಟರ್ ಎಳೆದರೆ ಇಂಜಿನ್ನು ಮೊದಲ ಸುತ್ತಿಗೇ ಎದ್ದಿತು. ಮುಚ್ಚಳ ಹಾಕಿಕೊಂಡು ನೆಲಮಂಗಲದ ಕಡೆ ಓಡಿಸಿದೆವು. ಸ್ವಲ್ಪ ದೂರಕ್ಕೆ ಮತ್ತೆ ಕೆಮ್ಮಿತು. ಬೇರೆ ಏನನ್ನೂ ಮುಟ್ಟದೆ ಮುಚ್ಚಳ ಎತ್ತಿದೆವು. ಉಸ್ಸ್. ಟಕ್ ಟಕ್. ಹೊರಟಿತು.

ಪೆಟ್ರೋಲು ಖಾಲಿಯಾದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದು ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ತೂತು ಇರುತ್ತದೆ. ಅದು ಕಟ್ಟಿಕೊಂಡರೆ ಪಂಪು ಎಳೆದೂ ಎಳೆದೂ ಸೋತು ನಿಂತುಬಿಡುತ್ತದೆ. ಟ್ಯಾಂಕು ತುಂಬಿದ್ದರೆ ಒಳಗೆ ಗಾಳಿಯೇ ಇರುವುದಿಲ್ಲ, ಬೇಗ ಸೋಲುತ್ತದೆ. ಇಷ್ಟು ದಿನ ಇಂಜಿನ್ನನ್ನು ಎಬ್ಬಿಸಿದ್ದು ಗೌಡರ ಬಿದಿರು ಕಡ್ಡಿ. ಅವರು ಮುಚ್ಚಳ ತೆಗೆದ ಕೂಡಲೇ ರೋಗ ವಾಸಿಯಾಗುತ್ತಿತ್ತು. ಆಮೇಲೆ ನಾವು ಏನು ಮಾಡಿದರೂ ಅದೇ ಮದ್ದು ಎಂದು ಬೀಗುತ್ತಿದ್ದೆವು. ಪಾಪ, ಇಂಜಿನ್ನಿನ ತಪ್ಪು ಯಾವತ್ತೂ ಏನೂ ಇರಲಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ನಾವು ಅದರ ಎದೆ ಬಗೆದು ನೋಡಿದ್ದೆವು. ಬಗೆದದ್ದನ್ನೆಲ್ಲ ಸಹಿಸಿಕೊಂಡು ಅದು ಪ್ರತಿ ಸಲವೂ ನಿಯತ್ತಾಗಿ ಎದ್ದಿತ್ತು.

ಶೆಡ್ಡಿಗೆ ಬಂದು ಮುಚ್ಚಳವನ್ನು ವೈಸಿಗೆ ಕಚ್ಚಿಸಿ ನೋಡಿದೆ. ನಡುವಿನ ಸಣ್ಣ ಗುಳಿಯಲ್ಲಿ ಕಂದುಗೆಂಪು ಗಟ್ಟಿ ಪದಾರ್ಥ. ಇಷ್ಟು ದಿನ ಅದನ್ನು ಹಳೇ ಬಣ್ಣವೆಂದುಕೊಂಡಿದ್ದೆವು. ಗೀರು ಹಾಕುವ ಉಕ್ಕಿನ ಚೂಪು ಕಡ್ಡಿಯಿಂದ ಕೆರೆದರೆ ಪದರ ಪದರವಾಗಿ ಎದ್ದಿತು. ಭಾಯಿ ಒಂದು ಚೂರನ್ನು ನೀರಲ್ಲಿ ಅದ್ದಿ ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದ.

"ಗುರು," ಎಂದ, "ಗಂಧ. ಗಂಧ, ಕುಂಕುಮ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಿರುವಾಗಲೇ ನನಗೆ ಹೊಳೆಯಿತು, ನಗು ಅಲ್ಲಿಗೇ ನಿಂತಿತು. ಗೌಡರ ಮನೆಯಲ್ಲಿ ಆಯುಧಪೂಜೆಗೆ ಆ ಕಾರನ್ನು ಪೂಜೆ ಮಾಡುವುದು ಅಮ್ಮಾವ್ರು. ಕಾರು ಬಂದ ವರ್ಷದಿಂದ, ಸಿಟ್ಟು ಮಾಡಿಕೊಂಡ ಮೇಲೂ, ಆ ಒಂದು ದಿನ ತಪ್ಪಿಸಿದವರಲ್ಲ. ಚಕ್ರಕ್ಕೆ ನಿಂಬೆಹಣ್ಣು, ಮೂತಿಗೆ ಚೆಂಡು ಹೂವಿನ ಹಾರ, ಹಿಂದೆ ಹಣೆಯ ಹಾಗೆ ಹೊಳೆಯುವ ಆ ದುಂಡು ಮುಚ್ಚಳದ ನಡುವೆ ಹೆಬ್ಬೆರಳಿನಿಂದ ಒತ್ತಿ ಗಂಧ, ಅದರ ಮೇಲೆ ಕುಂಕುಮ. ನಾನೇ ಕಣ್ಣಾರೆ ಕಂಡಿದ್ದೆ.

"ಅಮ್ಮಾವ್ರಿಗೆ ಹೇಳ್ಬಿಡು ಗುರು," ಎಂದ ಭಾಯಿ. "ಇನ್ಮೇಲೆ ಅಲ್ಲಿ ಹಚ್ಬೇಡಿ ಅಂತ. ಒಂದ್ ಮಾತು, ಮುಗೀತು."

"ಹೇಳಿದ್ರೆ ಏನಾಗುತ್ತೆ ಗೊತ್ತಾ?" ಎಂದೆ. "ಮಗಳ ಮಡಿಲು ತುಂಬೋಕೆ ಆಗ್ಲಿಲ್ಲ ಅಂತ ಎರಡು ವರ್ಷದಿಂದ ಕಾರನ್ನ ಬೈಕೊಂಡು ಸಮಾಧಾನ ಮಾಡ್ಕೊಂಡವ್ರೆ. ಕಾರಲ್ಲ, ನಿಮ್ಮ ಕೈಯೇ ಅಂತ ಹೇಳೋದಾ? ನಾನು ಹೇಳಲ್ಲ. ನೀನೂ ಹೇಳಕೂಡ್ದು."

"ಹೇಳ್ದಿದ್ರೆ ಮುಂದಿನ ಪೂಜೆಗೆ ಮತ್ತೆ ಹಚ್ತಾರಲ್ಲ?"

"ಹಚ್ಲಿ. ಎಷ್ಟು ಬೇಕಾದ್ರೂ ಹಚ್ಲಿ."

ಟ್ಯಾಂಕನ್ನು ಇಳಿಸಿದೆವು. ಪೆಟ್ರೋಲ್ ಕಂಡ ತಗಡಿಗೆ ಬೆಂಕಿ ತೋರಿಸುವುದು ಹುಡುಗಾಟವಲ್ಲ. ಪೂರ್ತಿ ಖಾಲಿ ಮಾಡಿ, ಸೋಪಿನ ನೀರಿನಿಂದ ಮತ್ತೆ ಮತ್ತೆ ತೊಳೆದು, ಪೆಟ್ರೋಲ್ ಆವಿಗೆ ಜಾಗವಿಲ್ಲದಂತೆ ಕತ್ತಿನ ಕೆಳಗಿನವರೆಗೆ ನೀರು ತುಂಬಿಸಿ ನಿಲ್ಲಿಸಿದೆವು. ಕತ್ತಿನ ಪಕ್ಕದಲ್ಲಿ, ಸ್ಟೆಪ್ನಿಯ ಮರೆಯಲ್ಲಿ ಒಂದು ತೂತು ಕೊರೆದು, ಸಪೂರ ತಾಮ್ರದ ಕೊಳವೆಯನ್ನು ಬೆಸುಗೆ ಹಾಕಿದೆ. ಅದನ್ನು ಮೇಲಕ್ಕೆ ಬಗ್ಗಿಸಿ, ಮತ್ತೆ ಕೆಳಕ್ಕೆ ತಿರುಗಿಸಿ, ಬಾಯಿಯನ್ನು ನೆಲದ ಕಡೆ ಮಾಡಿದೆ. ಯಾರ ಹೆಬ್ಬೆರಳೂ ಅಲ್ಲಿಗೆ ತಲುಪುವಂತಿರಲಿಲ್ಲ. ಆಮೇಲೆ ತುಂಬಿದ ಟ್ಯಾಂಕಿನಲ್ಲಿ ಡಾಬಸ್‌ಪೇಟೆಯವರೆಗೆ ಹೋಗಿ ಬಂದೆವು, ಎಲ್ಲೂ ನಿಲ್ಲಲಿಲ್ಲ. ಗೌಡರು ಏನಾಗಿತ್ತೆಂದು ಕೇಳಿದ್ದಕ್ಕೆ ಟ್ಯಾಂಕಿನ ಗಾಳಿದಾರಿ ಧೂಳಿನಿಂದ ಕಟ್ಟಿತ್ತು ಎಂದೆ. ಅವರು ನಂಬಿದರೋ ಇಲ್ಲವೋ, ನನ್ನ ಬೆನ್ನು ತಟ್ಟಿ ಹೋದರು.

ಗೃಹಪ್ರವೇಶದ ಬೆಳಿಗ್ಗೆ ಸೂರ್ಯ ಏಳುತ್ತಿದ್ದ ಹಾಗೆಯೇ ನಾವಿಬ್ಬರೂ ಗೌಡರ ಮನೆ ಮುಂದೆ ಹಾಜರಾದೆವು. ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಹಿಂದೆಯೇ ಹೋಗುವುದೆಂದು ಮಾತಾಗಿತ್ತು. ಅಮ್ಮಾವ್ರು ರೇಷ್ಮೆ ಸೀರೆ ಉಟ್ಟು, ಹೊಸ ಹಿತ್ತಾಳೆ ಪಾತ್ರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಪಾತ್ರೆಯನ್ನು ಸೀಟಿನ ಮೇಲಿಟ್ಟು, ಒಳಗಿನಿಂದ ಒಂದು ತಟ್ಟೆ ತಂದರು. ನೇರ ಕಾರಿನ ಹಿಂದಕ್ಕೆ ಹೋಗಿ, ದೂರದ ಪ್ರಯಾಣವೆಂದೋ ಏನೋ, ಎಂದಿಗಿಂತ ದಪ್ಪವಾಗಿ ಮುಚ್ಚಳದ ನಡುವೆ ಗಂಧ ಒತ್ತಿದರು. ಭಾಯಿ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಹೊರಟೆವು. ಬೆಸುಗೆ ಬಿಟ್ಟರೆ? ಕೊಳವೆ ಮಡಿಚಿಕೊಂಡರೆ? ನಾನು ಮಾಡಿದ ಕೆಲಸದ ಮೇಲೆ ನನಗೇ ನಂಬಿಕೆ ಹೋಗಿತ್ತು. ಒಂದು ತಿರುವಿನಲ್ಲಿ ಲಾರಿ ಅಡ್ಡ ಬಂದು ಕಾರು ಕಣ್ಮರೆಯಾಯಿತು. ಲಾರಿಯನ್ನು ದಾಟಿ ಮಾಕಳಿಯ ಹತ್ತಿರ ಬಂದರೆ, ಹಸಿರು ಕಾರು ರಸ್ತೆ ಬದಿಯಲ್ಲಿ ನಿಂತಿದೆ. ಇಂಜಿನ್ನಿನ ಸದ್ದಿಲ್ಲ.

ನಾನು ಬ್ರೇಕ್ ಒತ್ತಿದೆ. "ಹೋಯ್ತು ಗುರು," ಎಂದ ಭಾಯಿ ನನ್ನ ಬೆನ್ನ ಹಿಂದೆ.

ಗೌಡರು ಟವೆಲು ಬೀಸುತ್ತ ಕೂಗಿದರು. "ನಿಂತಿಲ್ಲ ಕಣ್ರಪ್ಪೋ! ಅವ್ಳೇ ನಿಲ್ಲಿಸ್ದೋಳು!"

ಅಮ್ಮಾವ್ರು ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ನಾನು ಹತ್ತಿರ ಹೋದೆ.

"ಅವತ್ತು ಇಲ್ಲೇ ಮೊದಲು ನಿಂತಿದ್ದು," ಎಂದರು, ನನ್ನನ್ನು ನೋಡದೆ. "ವರ್ಸ ವರ್ಸ ನಾನೇ ಕೈಯಾರೆ ಪೂಜೆ ಮಾಡ್ತಿದ್ದೆ ಕಣಪ್ಪ. ಅಂಗಿದ್ರೂ ಅವತ್ತು ಒಂದಿನ ನನ್ನ ಕೈ ಬುಟ್ಬುಡ್ತಲ್ಲ ಅಂತ. ಅದೇ ನನಗೆ ಒಟ್ಟೆ ಉರಿದಿದ್ದು."

ಭಾಯಿ ಆ ಕಡೆ ತಿರುಗಿ ನಿಂತ.

"ಅದು ನಿಮ್ಮ ಕೈ ಬಿಟ್ಟಿರ್ಲಿಲ್ಲ ಅಮ್ಮಾವ್ರೆ," ಎಂದೆ. "ಅದಕ್ಕೆ ಉಸಿರಾಡೋಕೆ ಆಗ್ತಿರ್ಲಿಲ್ಲ. ಈಗ ಸರಿಹೋಗಿದೆ."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, "ಊಂ, ಈಗ ಒರಡ್ಸಿ ನೋಡಾನ," ಎಂದರು.

ಗೌಡರು ಕೀ ತಿರುಗಿಸಿದರು. ಪಂಪು ನಾಲ್ಕು ಸಲ ಟಕ್ ಟಕ್ ಎಂದು ಸುಮ್ಮನಾಯಿತು. ಸ್ಟಾರ್ಟರ್ ಎಳೆದರು. ಇಂಜಿನ್ನು ಕಾಯುತ್ತ ಕೂತಿದ್ದ ಹಾಗೆ ಒಂದೇ ಸಲಕ್ಕೆ ಎದ್ದಿತು. ತೊಡೆಯ ಮೇಲಿದ್ದ ಹಿತ್ತಾಳೆ ಪಾತ್ರೆ ಆ ಅದುರಾಟಕ್ಕೆ ಸಣ್ಣಗೆ ಗುಂಯ್ ಎನ್ನತೊಡಗಿತು. ಅಮ್ಮಾವ್ರು ಸೆರಗನ್ನು ತಲೆಯ ಮೇಲೆ ಎಳೆದು ಬಿಗಿಯಾಗಿ ಕಟ್ಟಿಕೊಂಡರು, ಗಾಳಿಗೆ ಹಾರದ ಹಾಗೆ.

"ಆ ಬೊಂಬಾಯಿಯವನಿಗೆ ಇಲ್ಲ ಅಂತ ಏಳ್ಬುಡಿ," ಎಂದರು. "ಜೋರಾಗಿ ನಡೀರಿ, ಮಗ್ಳು ಕಾಯ್ತಾ ಇರ್ತಾಳೆ."